ಥೀಮ್ ಪಾರ್ಕ್ ಪ್ರವಾಸಕ್ಕೆ ಮಕ್ಕಳ ವಯಸ್ಸು ಎಷ್ಟಿರಬೇಕು?

ಪ್ರಶ್ನೆ: ನಮಗೆ ಏಳೂವರೆ ವರ್ಷದ ಮಗ, ಮೂರೂವರೆ ವರ್ಷದ ಮಗಳು. ಈ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಕರೆದುಕೊಂಡು ಹೋಗಬೇಕೆಂದು ನಮ್ಮ ಮನೆಯವರ ಆಸೆ. ‘ಚಿಕ್ಕವಳಿಗೆ ಏನೂ ನೆನಪಿರೋದಿಲ್ಲ, ದುಡ್ಡು ದಂಡ’ ಎನ್ನುತ್ತಾರೆ ನಮ್ಮ ಅತ್ತೆ. ‘ನಾಲ್ಕು ತುಂಬೋದರೊಳಗೆ ಹೋದರೆ ಅವಳಿಗೆ ಟಿಕೆಟ್ಟೇ ಇಲ್ಲ, ಈಗಲೇ ಹೋಗಿಬನ್ನಿ’ ಎನ್ನುತ್ತಾರೆ ನಾದಿನಿ. ಇಂಥ ಪ್ರವಾಸಕ್ಕೆ ಮಕ್ಕಳಿಗೆ ಸರಿಯಾದ ವಯಸ್ಸು ಯಾವುದು?
— ಓದುಗರೊಬ್ಬರು, ಹಾಸನ

ಉತ್ತರ: ದೊಡ್ಡ ಖರ್ಚಿನ ಪ್ರವಾಸಕ್ಕೆ ಮೊದಲು ಮಕ್ಕಳ ಮಟ್ಟಕ್ಕೆ ಇಳಿದು ಯೋಚಿಸುವ ತಂದೆತಾಯಿಗೆ ಈ ಸಂದೇಹ ಬರುವುದು ಸಹಜ. ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಮಗುವಿಗೆ ಅಲ್ಲಿ ಏನೇನು ಆಡಲು ಸಿಗುತ್ತದೆ? ಅದನ್ನು ತಾಳಿಕೊಳ್ಳುವ ಶಕ್ತಿ ಮಗುವಿಗೆ ಬಂದಿದೆಯೇ? ಹೋಗಿ ಬಂದದ್ದು ಅದಕ್ಕೆ ನೆನಪಿರುತ್ತದೆಯೇ? ಒಂದೊಂದಾಗಿ ನೋಡೋಣ.

ಮೊದಲನೆಯದು, ಎತ್ತರ.

ಥೀಮ್ ಪಾರ್ಕುಗಳಲ್ಲಿ ರೈಡ್ ಹತ್ತಲು ಸಾಮಾನ್ಯವಾಗಿ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ಇದಕ್ಕೆ ಕಾರಣವಿದೆ. ರೋಲರ್ ಕೋಸ್ಟರ್‌ನಂಥ ರೈಡ್‌ಗಳಲ್ಲಿ ಕೂತವರನ್ನು ಹಿಡಿದಿಡುವುದು ತೊಡೆಯ ಮೇಲೆ ಇಳಿಯುವ ಅಡ್ಡಕಂಬಿ ಅಥವಾ ಭುಜದ ಮೇಲಿಂದ ಬರುವ ಕವಚ. ಇವನ್ನು ಒಂದು ಗಾತ್ರಕ್ಕಿಂತ ದೊಡ್ಡ ಮೈಗೆಂದೇ ಮಾಡಿರುತ್ತಾರೆ. ಮಗು ಅದಕ್ಕಿಂತ ಚಿಕ್ಕದಾಗಿದ್ದರೆ ಕಂಬಿಗೂ ಮೈಗೂ ನಡುವೆ ಜಾಗ ಉಳಿಯುತ್ತದೆ, ರೈಡ್ ತಿರುಗುವಾಗ ಮಗು ಜಾರಬಹುದು. ಅಲ್ಲದೆ ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಒಂದೆರಡು ಸೆಂಟಿಮೀಟರ್ ಕಡಿಮೆ ಇದೆಯೆಂದು ಸಿಬ್ಬಂದಿಯೊಡನೆ ವಾದಿಸಬಾರದು. ಶೂ ಒಳಗೆ ಬಟ್ಟೆ ತುರುಕಿ ಎತ್ತರ ಹೆಚ್ಚಿಸುವುದಂತೂ ಮಗುವಿನ ಜೀವಕ್ಕೇ ಅಪಾಯ.

ನೀವು ಹೋಗಬೇಕೆಂದಿರುವ ಪಾರ್ಕನ್ನೇ ತೆಗೆದುಕೊಳ್ಳಿ. ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ರೈಡ್‌ಗೆ ಕನಿಷ್ಠ 102 ಸೆಂ.ಮೀ., ‘ರಿವೆಂಜ್ ಆಫ್ ದ ಮಮ್ಮಿ’ಗೆ 122 ಸೆಂ.ಮೀ., ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಜೋಡಿ ರೋಲರ್ ಕೋಸ್ಟರ್‌ಗೆ 125 ಸೆಂ.ಮೀ. ಎತ್ತರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಕೋಷ್ಟಕದ ಪ್ರಕಾರ ಮಕ್ಕಳ ಸರಾಸರಿ ಎತ್ತರ 3 ವರ್ಷಕ್ಕೆ ಸುಮಾರು 95 ಸೆಂ.ಮೀ., 4 ವರ್ಷಕ್ಕೆ 103, 5 ವರ್ಷಕ್ಕೆ 110, 7 ವರ್ಷಕ್ಕೆ 121 ಸೆಂ.ಮೀ. ಅಂದರೆ ನಿಮ್ಮ ಮಗಳು ಈಗ ‘ಟ್ರಾನ್ಸ್‌ಫಾರ್ಮರ್ಸ್’ ಗೆರೆಯನ್ನೂ ಮುಟ್ಟದಿರುವ ಸಂಭವವೇ ಹೆಚ್ಚು. ಮಗ 122ರ ಗೆರೆಯ ಆಸುಪಾಸಿನಲ್ಲಿರುತ್ತಾನೆ. ಸಾಲಿನಲ್ಲಿ ನಿಂತು, ಕೊನೆಯ ಬಾಗಿಲಿನಿಂದ ವಾಪಸು ಬರಬೇಕಾದ ಹುಡುಗನನ್ನು ಸಮಾಧಾನ ಮಾಡುವುದು ಕಷ್ಟ. ಮಕ್ಕಳೆಲ್ಲ ಸರಾಸರಿಗೆ ಸರಿಯಾಗಿ ಬೆಳೆಯುವುದಿಲ್ಲವಾದ್ದರಿಂದ ಮನೆಯ ಗೋಡೆಗೆ ಬರಿಗಾಲಲ್ಲಿ ನಿಲ್ಲಿಸಿ ಇಬ್ಬರನ್ನೂ ಅಳೆದುಬಿಡಿ. ಟಿಕೆಟ್ ತೆಗೆಯುವ ಮುನ್ನ ಪಾರ್ಕಿನ ವೆಬ್‌ಸೈಟಿನಲ್ಲಿ ಆಯಾ ರೈಡ್‌ನ ಮಿತಿಯನ್ನು ನೋಡಿಕೊಳ್ಳಿ.

ಇಲ್ಲಿ ಅನೇಕರಿಗೆ ಆಗುವ ಒಂದು ಗೊಂದಲವನ್ನು ಬಿಡಿಸಬೇಕು. ನಿಮ್ಮ ನಾದಿನಿಯವರ ಮಾತಿನಲ್ಲೂ ಅದೇ ಇದೆ. ಟಿಕೆಟ್ಟಿನ ಮಿತಿ ಬೇರೆ, ರೈಡ್‌ನ ಮಿತಿ ಬೇರೆ. ಸಿಂಗಪುರದಲ್ಲಿ 4 ವರ್ಷದೊಳಗಿನ ಮಗುವಿಗೆ ಪ್ರವೇಶ ಉಚಿತ, 4ರಿಂದ 12 ವರ್ಷದವರೆಗೆ ಮಕ್ಕಳ ಟಿಕೆಟ್. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 3 ವರ್ಷದೊಳಗಿನವರಿಗೆ ಉಚಿತ, 10 ತುಂಬಿದವರಿಗೆ ದೊಡ್ಡವರ ದರ. ನಮ್ಮ ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಟಿಕೆಟ್ಟಿಗೂ ಎತ್ತರವೇ ಲೆಕ್ಕ: 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 140 ಸೆಂ.ಮೀ.ವರೆಗೆ ಮಕ್ಕಳ ದರ. ಇವೆಲ್ಲ ಹಣದ ಲೆಕ್ಕಗಳು. ಮಗು ಏನು ಹತ್ತಬಲ್ಲದು ಎಂಬುದನ್ನು ಇವು ಹೇಳುವುದಿಲ್ಲ. ಉಚಿತವಾಗಿ ಒಳಗೆ ಹೋದ ಮಗುವಿಗೆ ಒಳಗಿನ ದೊಡ್ಡ ರೈಡ್‌ಗಳು ಸಿಗುವುದಿಲ್ಲ. ಹಾಗೆಯೇ ಎತ್ತರದ ಗೆರೆ ದಾಟಿದ ಮಗುವಿಗೆ ಆ ರೈಡ್ ಹಿಡಿಸುತ್ತದೆ ಎಂಬ ಖಾತರಿಯೂ ಇಲ್ಲ. ಗೆರೆ ಹೇಳುವುದು ‘ಹತ್ತಬಹುದು’ ಎಂದಷ್ಟೇ. ಹತ್ತಬೇಕೋ ಬೇಡವೋ ಎನ್ನುವುದು ಮಗುವಿಗೆ ಬಿಟ್ಟದ್ದು.

ಎರಡನೆಯದು, ತಾಳಿಕೊಳ್ಳುವ ಶಕ್ತಿ.

ಥೀಮ್ ಪಾರ್ಕಿನ ಒಂದು ದಿನವೆಂದರೆ ಹೆಚ್ಚು ಹೊತ್ತು ನಡೆಯುವುದು ಮತ್ತು ಕಾಯುವುದು. ರೈಡ್ ಮುಗಿಯಲು ಕೆಲವೇ ನಿಮಿಷ ಸಾಕು, ಅದಕ್ಕಾಗಿ ನಿಲ್ಲುವ ಸಾಲು ರಜಾದಿನಗಳಲ್ಲಿ ಗಂಟೆಯನ್ನೂ ಮೀರುತ್ತದೆ. ಬಿಸಿಲು, ಗದ್ದಲ, ಹೊತ್ತು ತಪ್ಪಿದ ಊಟ ಇವೂ ಜೊತೆಗಿರುತ್ತವೆ. 3–4 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿದ್ದೆ ತಪ್ಪಿದ ಮಗು ಮಧ್ಯಾಹ್ನದ ಹೊತ್ತಿಗೆ ರಚ್ಚೆ ಹಿಡಿದರೆ ಅದು ಹಟಮಾರಿತನವಲ್ಲ, ಆಯಾಸ.

ನಿಮ್ಮ ಮಗಳು ಇದಕ್ಕೆ ಸಿದ್ಧಳಾಗಿದ್ದಾಳೆಯೇ ಎಂದು ತಿಳಿಯಲು ವಿದೇಶಕ್ಕೇ ಹೋಗಬೇಕಿಲ್ಲ. ಮೈಸೂರಿನ ಮೃಗಾಲಯವನ್ನು ಎತ್ತಿಕೊಳ್ಳದೆ ಪೂರ್ತಿ ಸುತ್ತಿಸಿ ನೋಡಿ. ಜಾತ್ರೆಯಲ್ಲೋ ದಸರಾ ವಸ್ತುಪ್ರದರ್ಶನದಲ್ಲೋ ಜೈಂಟ್ ವೀಲ್‌ಗೆ ಸಾಲಿನಲ್ಲಿ ನಿಲ್ಲಿಸಿ ನೋಡಿ. ಆಗ ಈ ನಾಲ್ಕು ಸಂಗತಿಗಳನ್ನು ಗಮನಿಸಿ:

1. ಅರ್ಧ ಗಂಟೆ ಸಾಲಿನಲ್ಲಿ ಮಾತು, ಆಟ, ತಿಂಡಿಯ ನೆರವಿನಿಂದ ಕಾಯಬಲ್ಲಳೇ?
2. ಶೌಚಕ್ಕೆ ಹೋಗಬೇಕಾದಾಗ ಮೊದಲೇ ಹೇಳುತ್ತಾಳೆಯೇ?
3. ‘ಕೈ ಬಿಡಬೇಡ’, ‘ಇಲ್ಲೇ ಕೂತಿರು’ ಎಂದರೆ ಕೇಳುತ್ತಾಳೆಯೇ?
4. ಹೆದರಿಕೆಯಾದರೆ ಬಾಯಿಬಿಟ್ಟು ಹೇಳುತ್ತಾಳೆಯೇ?

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕತ್ತಲು, ಏಕಾಏಕಿ ಬರುವ ಸದ್ದು, ಮುಖವಾಡ ಇವೆಲ್ಲ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಭಯಗಳು. ಟಿ.ವಿ.ಯಲ್ಲಿ ಇಷ್ಟಪಟ್ಟು ನೋಡಿದ ಕಾರ್ಟೂನ್ ಪಾತ್ರ ಆಳೆತ್ತರದ ವೇಷ ತೊಟ್ಟು ಎದುರಿಗೆ ಬಂದರೆ ಮೂರು ವರ್ಷದ ಮಗು ಅಪ್ಪನ ಕಾಲು ತಬ್ಬಿ ಅಳುವುದುಂಟು. ಅದು ವೇಷವೆಂದು ನಮಗೆ ಗೊತ್ತು. ಕಲ್ಪನೆ ಯಾವುದು, ನಿಜ ಯಾವುದು ಎಂಬ ಗೆರೆ ಆ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೆದರಿದ ಮಗುವನ್ನು ‘ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ’ ಎಂದು ಬಲವಂತವಾಗಿ ಹತ್ತಿಸಬೇಡಿ. ಹಾಗೆ ಹತ್ತಿಸಿದರೆ ಮುಂದೆ ಹಲವು ವರ್ಷ ಅದು ಯಾವ ರೈಡ್‌ನ ಹತ್ತಿರಕ್ಕೂ ಬರದಿರಬಹುದು.

ನೀರಿನ ಆಟಗಳ ಬಗ್ಗೆ ಒಂದು ಮಾತು. ವಂಡರ್‌ಲಾದಂಥ ಪಾರ್ಕುಗಳಲ್ಲಿ ಚಿಕ್ಕವರಿಗಾಗಿ ತೀರ ಕಡಿಮೆ ಆಳದ ಕೊಳಗಳಿವೆ, ಈ ವಯಸ್ಸಿಗೆ ಅವು ಚೆನ್ನ. ಅಲ್ಲಿ ನೀರಿಗಿಳಿಯಲು ಹತ್ತಿಬಟ್ಟೆ ನಡೆಯುವುದಿಲ್ಲ, ನೈಲಾನ್ ಈಜುಡುಪು ಬೇಕು, ಮನೆಯಿಂದಲೇ ಒಯ್ಯಿರಿ. ಕಾವಲಿಗೆ ಸಿಬ್ಬಂದಿ ಇದ್ದಾರೆಂದು ನಿಮ್ಮ ಕಣ್ಣು ತೆಗೆಯಬೇಡಿ. ಚಿಕ್ಕ ಮಗು ಮುಳುಗುವಾಗ ಕೂಗುವುದಿಲ್ಲ, ಸದ್ದೇ ಆಗುವುದಿಲ್ಲ. ಮಗು ಕೈಗೆಟುಕುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ನೀರಿನಲ್ಲೇ ಇರಬೇಕು.

ಮೂರನೆಯದು, ನೆನಪು.

ನಿಮ್ಮ ಅತ್ತೆಯವರ ಮಾತಿನಲ್ಲಿ ಸತ್ಯಾಂಶವಿದೆ. ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಇರುವ ಅತಿ ಹಳೆಯ ನೆನಪು ಸುಮಾರು ಮೂರು, ಮೂರೂವರೆ ವರ್ಷದ್ದು. ಅದಕ್ಕೆ ಹಿಂದಿನದು ಅಳಿಸಿಹೋಗಿರುತ್ತದೆ. ನಿಮ್ಮ ಮಗಳು ಇರುವುದು ಈ ಅಂಚಿನಲ್ಲೇ. ಆದರೆ ‘ಏನೂ ನೆನಪಿರುವುದಿಲ್ಲ’ ಎಂಬುದು ಪೂರ್ತಿ ಸರಿಯಲ್ಲ. ನೀವು ಕೇಳಿದ್ದಕ್ಕೇ ತಕ್ಕಂಥ ಒಂದು ಅಧ್ಯಯನವಿದೆ. ನೀನಾ ಹ್ಯಾಮಂಡ್ ಮತ್ತು ರಾಬಿನ್ ಫಿವುಶ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಡಿಸ್ನಿ ವರ್ಲ್ಡ್‌ಗೆ ಹೋಗಿಬಂದಿದ್ದ 48 ಮಕ್ಕಳನ್ನು ಮಾತಾಡಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೋಗಿದ್ದಾಗ ಅರ್ಧದಷ್ಟು ಮಕ್ಕಳಿಗೆ ಮೂರು ವರ್ಷ ದಾಟಿತ್ತು, ಉಳಿದವರಿಗೆ ನಾಲ್ಕು ದಾಟಿತ್ತು. ಕೆಲವರನ್ನು ಆರು ತಿಂಗಳ ನಂತರ, ಕೆಲವರನ್ನು ಒಂದೂವರೆ ವರ್ಷದ ನಂತರ ಮಾತಾಡಿಸಲಾಯಿತು. ಎರಡೂ ಗುಂಪಿನ ಮಕ್ಕಳಿಗೆ ಬೇಕಾದಷ್ಟು ನೆನಪಿತ್ತು. ಅವರಲ್ಲಿ ದೊಡ್ಡ ಮಕ್ಕಳು ಹೆಚ್ಚು ವಿವರವಾಗಿ, ತಾವಾಗಿಯೇ ಹೇಳುತ್ತಿದ್ದರು. ಚಿಕ್ಕವರಿಗೆ ಕೇಳಿ ಕೇಳಿ ಹೇಳಿಸಬೇಕಾಗಿತ್ತು. ಮನೆಯಲ್ಲಿ ಆ ಪ್ರವಾಸದ ಮಾತು ಎಷ್ಟು ಬರುತ್ತಿತ್ತೋ ಮಕ್ಕಳಿಗೂ ಅಷ್ಟು ಹೆಚ್ಚು ನೆನಪಿತ್ತು.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ನೆನಪನ್ನು ಉಳಿಸಿಕೊಡುವುದರಲ್ಲಿ ಮನೆಯವರ ಪಾಲು ದೊಡ್ಡದು: ಫೋಟೋ ತೋರಿಸಿ, ‘ಆಮೇಲೆ ಏನಾಯ್ತು ಹೇಳು’ ಎಂದು ಕೇಳುತ್ತಿರಬೇಕು. ಇನ್ನೊಂದು, ನೆನಪಿಗಷ್ಟೇ ಬೆಲೆ ಕಟ್ಟಬಾರದು. ಮಗು ಆ ದಿನ ಪಟ್ಟ ಸಂತೋಷ ಆ ದಿನಕ್ಕೆ ನಿಜವಾದದ್ದೇ. ಆದರೆ ಮಗುವಿನ ಸಂತೋಷವೇ ಮುಖ್ಯವಾದರೆ ಅದಕ್ಕೆ ಲಕ್ಷಗಟ್ಟಲೆ ಖರ್ಚು ಬೇಕಿಲ್ಲ. ಮೂರೂವರೆ ವರ್ಷದವಳಿಗೆ ಬಿಡದಿಯ ಕೊಳದಲ್ಲಿ ಸಿಗುವ ಖುಷಿಗೂ ಸಿಂಗಪುರದಲ್ಲಿ ಸಿಗುವ ಖುಷಿಗೂ ಅವಳ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ ಯಾವ ವಯಸ್ಸು?

ಮೂರನ್ನೂ ಸೇರಿಸಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಹತ್ತಿರದ ಪಾರ್ಕಿಗೆ ಮೂರು, ನಾಲ್ಕು ವರ್ಷದ ಮಗುವನ್ನು ಧಾರಾಳವಾಗಿ ಕರೆದೊಯ್ಯಬಹುದು, ಬೇಗ ಹೊರಡಲು ದೊಡ್ಡವರು ಸಿದ್ಧರಿದ್ದರೆ ಸಾಕು. ವಿಮಾನ, ಹೋಟೆಲು, ಹಲವು ದಿನ ಎಂದು ಬೆಳೆಯುವ ಪ್ರವಾಸಕ್ಕೆ ಮನೆಯ ಅತಿ ಚಿಕ್ಕ ಮಗುವಿಗೆ ಐದೂವರೆ, ಆರು ವರ್ಷವಾಗಿರುವುದು ಒಳ್ಳೆಯದು. ಅಮೆರಿಕದಷ್ಟು ದೂರವಾದರೆ ಏಳು, ಎಂಟು ಇನ್ನೂ ಉತ್ತಮ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮಾತ್ರ ಮುಂದಿದೆ. ಡಿಸ್ನಿ ವರ್ಲ್ಡ್ ಇರುವ ಫ್ಲಾರಿಡಾ ಕಾಲಕ್ಕೆ ತಕ್ಕಂತೆ ನಮಗಿಂತ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಹಿಂದಿದೆ. ಹಗಲು ರಾತ್ರಿ ಅದಲುಬದಲಾಗುವ ಆ ತೊಂದರೆ ಚಿಕ್ಕ ಮಕ್ಕಳಿಗೆ ಬಹಳ.

ನಿಮ್ಮ ಮನೆಯ ಲೆಕ್ಕ ಹೀಗೆ. ಈ ಬೇಸಿಗೆಯಲ್ಲಿ ಬಿಡದಿಗೋ ಮೈಸೂರಿನ ಜಿ.ಆರ್.ಎಸ್. ಪಾರ್ಕಿಗೋ ಒಂದು ದಿನ ಹೋಗಿಬನ್ನಿ. ಶನಿವಾರ, ಭಾನುವಾರ ಬಿಟ್ಟು ವಾರದ ದಿನ ಆರಿಸಿಕೊಳ್ಳಿ. ಸಿಂಗಪುರವನ್ನು ಎರಡು ವರ್ಷ ಮುಂದಕ್ಕೆ ಹಾಕಿ. ಆಗ ಮಗಳಿಗೆ ಐದೂವರೆ. ಎತ್ತರ 110 ಸೆಂ.ಮೀ. ಆಸುಪಾಸಿಗೆ ಬಂದು ಕೆಲವು ರೈಡ್‌ಗಳಾದರೂ ಅವಳಿಗೆ ತೆರೆದುಕೊಳ್ಳುತ್ತವೆ. ಮಗನಿಗೆ ಒಂಬತ್ತೂವರೆ, 125ರ ಗೆರೆಯನ್ನೂ ದಾಟಿರುತ್ತಾನೆ. ಅವಳಿಗೊಂದು ಟಿಕೆಟ್ ಹೆಚ್ಚಿಗೆ ಬೀಳುತ್ತದೆ ನಿಜ, ಆದರೆ ಇಡೀ ಪ್ರವಾಸದ ಖರ್ಚಿನಲ್ಲಿ ಅದು ಸಣ್ಣ ಭಾಗ.

ಈ ವರ್ಷವೇ ಹೋಗಬೇಕಾಗಿ ಬಂದರೆ? ಆಗಲೂ ದಾರಿಯಿದೆ. ಚಿಕ್ಕ ಮಗುವಿರುವ ಕುಟುಂಬಗಳಿಗಾಗಿ ದೊಡ್ಡ ಪಾರ್ಕುಗಳಲ್ಲಿ ಸರದಿ ಬದಲಿಸುವ ಏರ್ಪಾಡಿದೆ. ಯೂನಿವರ್ಸಲ್‌ನಲ್ಲಿ ಅದನ್ನು ಚೈಲ್ಡ್ ಸ್ವಾಪ್ ಎನ್ನುತ್ತಾರೆ, ಡಿಸ್ನಿಯಲ್ಲಿ ರೈಡರ್ ಸ್ವಿಚ್. ತಂದೆ ರೈಡ್ ಮುಗಿಸಿ ಬರುವವರೆಗೆ ತಾಯಿ ಮಗುವಿನ ಬಳಿ ಇದ್ದು, ಆಮೇಲೆ ಮತ್ತೆ ಸಾಲಿನ ಕೊನೆಗೆ ಹೋಗದೆ ತಾವೂ ಹೋಗಿಬರಬಹುದು. ರೈಡ್‌ನ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಿದರೆ ತಿಳಿಸುತ್ತಾರೆ. ತಳ್ಳುಗಾಡಿ ಇಟ್ಟುಕೊಳ್ಳಿ, ಮಧ್ಯಾಹ್ನ ಎರಡು ಗಂಟೆ ಹೋಟೆಲಿಗೆ ಮರಳಿ ಮಗಳನ್ನು ಮಲಗಿಸಿ. ಇಬ್ಬರು ಮಕ್ಕಳ ಜೇಬಿನಲ್ಲೂ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ತಲೆಸುತ್ತು, ಮೂರ್ಛೆ, ಹೃದಯದ ತೊಂದರೆ ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ.

ಥೀಮ್ ಪಾರ್ಕು ಮಕ್ಕಳಿಗೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದ ವಾಲ್ಟ್ ಡಿಸ್ನಿ ತಮಗೆ ಆ ಯೋಚನೆ ಬಂದ ಬಗೆಯನ್ನು ಹೇಳಿಕೊಂಡಿದ್ದರು. ಹೆಣ್ಣುಮಕ್ಕಳಿಬ್ಬರು ಕುದುರೆಗಳ ತಿರುಗುಣಿಯಲ್ಲಿ ಆಡುತ್ತಿದ್ದಾಗ ಅವರು ಬೆಂಚಿನ ಮೇಲೆ ಸುಮ್ಮನೆ ಕೂತು ಕಾಯುತ್ತಿದ್ದರಂತೆ. ಅಪ್ಪ ಅಮ್ಮ ಮಕ್ಕಳೊಂದಿಗೆ ಕೂಡಿ ಆಡುವ ಜಾಗವೊಂದು ಇರಬೇಕು ಎಂದು ಆಗ ಅನ್ನಿಸಿತಂತೆ. ನಿಮ್ಮ ತೀರ್ಮಾನಕ್ಕೂ ಇದೇ ಒಳ್ಳೆಯ ಅಳತೆ. ಮನೆಯ ಒಬ್ಬರು ಆಡುತ್ತ, ಇನ್ನೊಬ್ಬರು ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ನಿಲ್ಲಬೇಕಾದ ಕಾಲ ಇದಾಗಿದ್ದರೆ ಕಾಯಿರಿ. ನಾಲ್ವರೂ ಕೂಡಿ ಆಡುವ ಕಾಲ ಬಂದಾಗ ಹೊರಡಿ. ಎರಡು ವರ್ಷ ಕಾದರೆ ಪಾರ್ಕು ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ಬೆಳೆದಿರುತ್ತಾರೆ.