ಹಳೆಯ ಮೋಟಾರ್ ಸೈಕಲಿನ ಹೊಗೆ: ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನವೊಂದು ಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ನೆನಪುಗಳನ್ನು ಬರೆಯುವುದಕ್ಕಿಂತ ಒಂದು ಪಾಠವನ್ನೇ ಬರೆಯುವುದು ಉಚಿತವೆಂದು ತೋರಿತು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಕೆಲವು ಮನೆಗಳಲ್ಲಿ ತಂದೆಯವರ ಕಾಲದ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲು ಇನ್ನೂ ಉಳಿದಿದೆ. “ಮಾರಲು ಮನಸ್ಸಿಲ್ಲ, ಓಡಿಸಿದರೆ ಹೊಗೆ ತಾಳಲಾಗದು, ಏನು ಮಾಡೋಣ ಸರ್?” ಎಂದು ಕೇಳುವವರಿಗೆ ಈ ಪಾಠ.

ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಅನುಮತಿಯಿಂದ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ ವಾಹನಗಳು ಮುಂದೆ ಯೆಜ್ಡಿ ಎಂಬ ಹೆಸರು ಪಡೆದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದುದರಿಂದ ಅಲ್ಲಿಂದ ಬಂದ ಕೊನೆಯ ವಾಹನಕ್ಕೂ ಈಗ ಮೂರು ದಶಕಗಳ ಆಸುಪಾಸಿನ ವಯಸ್ಸು.

ಇವುಗಳ ಎಂಜಿನ್ ಟೂ-ಸ್ಟ್ರೋಕ್ ಜಾತಿಯದು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿರುವಂತೆ ಇದಕ್ಕೆ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ರಂಧ್ರಗಳಿವೆ. ಹೊಗೆ ಹೊರಹೋಗುವ ರಂಧ್ರ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣವೂ ಒಳಬರುವುದರಿಂದ, ಅದರ ಒಂದು ಭಾಗ ಉರಿಯದೆಯೇ ಹೊರಬೀಳುತ್ತದೆ. ಮೇಲಾಗಿ ಯಂತ್ರದ ಸವೆತ ತಡೆಯುವ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವುದರಿಂದ ಅದೂ ಉರಿದು ಹೊಗೆಯಾಗುತ್ತದೆ. ಇದು ಅದರ ಹುಟ್ಟುಗುಣ; ಯಾವ ಮೇಸ್ತ್ರಿಯೂ ಪೂರ್ಣವಾಗಿ ನೀಗಲಾರ. ಆದರೆ ದಾರಿಹೋಕರು ಮೂಗು ಮುಚ್ಚಿಕೊಳ್ಳುವಷ್ಟು ಹೊಗೆ ಬರುತ್ತಿದ್ದರೆ ಅದು ಹುಟ್ಟುಗುಣವಲ್ಲ, ರೋಗ. ವೈದ್ಯನು ನಾಡಿ ನೋಡುವಂತೆ ನಾವು ಹೊಗೆಯ ಬಣ್ಣ ನೋಡಬೇಕು.

ಮೊದಲನೆಯದು ನೀಲಿ ಛಾಯೆಯ ಬಿಳಿ ಹೊಗೆ. ಎಣ್ಣೆ ಹೆಚ್ಚಾಗಿದೆ ಎಂದು ಇದರ ಅರ್ಥ. “ಎಣ್ಣೆ ಹೆಚ್ಚಾದರೆ ಯಂತ್ರಕ್ಕೆ ಒಳ್ಳೆಯದು” ಎಂಬ ನಂಬಿಕೆ ತಪ್ಪು; ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರಿನೊಳಗೆ ಕರಕು ಕಟ್ಟಿ ಎಳೆತ ಕುಗ್ಗುತ್ತದೆ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಬಿಗಿದುಕೊಳ್ಳುತ್ತದೆ. ಆದುದರಿಂದ ಅಳತೆಯೇ ಪ್ರಮಾಣ. ಅಳತೆ ಸರಿಯಿದ್ದೂ ಹೊಗೆ ನಿಲ್ಲದೆ, ಗೇರ್ ಪೆಟ್ಟಿಗೆಯ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿದೆ ಎಂದು ಸಂಶಯಿಸಬೇಕು.

ಎರಡನೆಯದು ಕಪ್ಪು ಹೊಗೆ. ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ ಎಂದು ಇದು ತಿಳಿಸುತ್ತದೆ. ಏರ್ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು, ಕಾರ್ಬುರೇಟರಿನ ಜೆಟ್ ಸವೆದಿರಬಹುದು.

ಹೊಗೆ ಕಾಣದೆ ಹಸಿ ಪೆಟ್ರೋಲಿನ ವಾಸನೆ ಮಾತ್ರ ಬಂದು, ಯಂತ್ರ ತಡವರಿಸುವುದು ಮೂರನೆಯ ಲಕ್ಷಣ. ಕಾಂಟ್ಯಾಕ್ಟ್ ಪಾಯಿಂಟುಗಳು ಸುಟ್ಟು ಕಿಡಿ ತಪ್ಪಿದಾಗ ಹೀಗಾಗುತ್ತದೆ.

ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2023ರಿಂದ ಮಾರಾಟಕ್ಕೆ ಬಂದಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕಿನ ಪೆಟ್ರೋಲನ್ನು ತೆಗೆದಿಡಬೇಕು. ಪೈಪು ಬಿರಿದಿದ್ದರೆ ತಡಮಾಡದೆ ಬದಲಿಸಬೇಕು.

ಕಣ್ಣಿಗೆ ಕಾಣದ ಅಪಾಯವೊಂದನ್ನು ನನ್ನ ತಪ್ಪಿನಿಂದಲೇ ಹೇಳಬೇಕಾಗಿದೆ. ಒಂದು ಚಳಿಗಾಲದ ಬೆಳಿಗ್ಗೆ ಬಾಗಿಲು ಮುಚ್ಚಿದ ಪಡಸಾಲೆಯಲ್ಲಿಯೇ ಗಾಡಿ ಚಾಲೂ ಮಾಡಿ ಬಿಸಿಯಾಗಲೆಂದು ಬಿಟ್ಟಿದ್ದೆ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಗಳು “ಅಪ್ಪಾ, ತಲೆ ತಿರುಗುತ್ತದೆ” ಎಂದು ಗೋಡೆ ಹಿಡಿದು ಹೊರಬಂದಳು. ಅಂಗಳದ ಗಾಳಿಗೆ ಕುಳ್ಳಿರಿಸಿದ ಮೇಲೆ ಚೇತರಿಸಿಕೊಂಡಳು. ಕಾರಣ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ನಾನು ಮನೆಯಲ್ಲಿ ಅದನ್ನು ಮರೆತಿದ್ದೆ.

ಸರಕಾರದ ಹೊಗೆ ತಪಾಸಣೆ ಅಳೆಯುವುದೂ ಈ ಅನಿಲವನ್ನೇ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳ ಹೊಗೆಯಲ್ಲಿ ಅದು ಶೇಕಡ 4.5ನ್ನು ಮೀರಬಾರದು, ಅನಂತರ ಬಂದ ವಾಹನಗಳಿಗೆ ಮಿತಿ ಇನ್ನೂ ಬಿಗಿ. ಹಳೆಯ ವಾಹನಕ್ಕೆ ನಿಯಮವೇ ರಿಯಾಯಿತಿ ಕೊಟ್ಟಿರುವಾಗ, ಅದನ್ನೂ ಮೀರಿ ವಾಹನವನ್ನು ತೋರಿಸದೆಯೇ ಚೀಟಿ ಪಡೆಯುವುದು ನಕಲು ಮಾಡಿ ಪಾಸಾದಂತೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕೆಂಬುದನ್ನೂ ಮರೆಯಬಾರದು.

ಹಾಗಾದರೆ ತಂದೆಯವರ ಗಾಡಿಯನ್ನು ಏನು ಮಾಡಬೇಕು? ಸೀಲ್, ಪಾಯಿಂಟ್, ಫಿಲ್ಟರ್ ಬದಲಿಸಿ, ಎಣ್ಣೆ ಅಳೆದು ಹಾಕಿ, ತಪಾಸಣೆ ಮಾಡಿಸಿರಿ. ಪಾಸಾದರೆ ಅಪರೂಪಕ್ಕೊಮ್ಮೆ ಓಡಿಸಿರಿ; ದಿನದ ಓಡಾಟಕ್ಕೆ ಬೇಡ. ಪಾಸಾಗದಿದ್ದರೆ ಒರೆಸಿ ನೆನಪಿಗೆ ಇಟ್ಟುಕೊಳ್ಳಿರಿ. ನನ್ನ ಗಾಡಿ ಇನ್ನೂ ಇದೆ. ಭಾನುವಾರ ಊರ ಹೊರಗಿನ ರಸ್ತೆಯಲ್ಲಿ ಓಡಿಸುತ್ತೇನೆ. ಶಾಲೆ ಬಿಡುವ ಹೊತ್ತಿಗೆ ಮಕ್ಕಳಿರುವ ಓಣಿಯಲ್ಲಿ ಮಾತ್ರ ಎಂದೂ ಚಾಲೂ ಮಾಡುವುದಿಲ್ಲ.

ಅಭ್ಯಾಸ: ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಬೇಕಾದ ಗಾಡಿಗೆ 6 ಲೀಟರ್ ಪೆಟ್ರೋಲ್ ಹಾಕಿಸಿದರೆ ಎಣ್ಣೆ ಎಷ್ಟು? ಅಂದಾಜು ಬೇಡ, ಅಳತೆ ಪಾತ್ರೆಯಿಂದ ಅಳೆದು ಉತ್ತರಿಸಿರಿ.