ಕಯಾಕ್‌ನಲ್ಲಿ ಎದ್ದು ನಿಂತು ಮೀನು ಹಿಡಿಯೋದು: ಜಿಎಂ ಪಾಸಿಟಿವ್ ಇತ್ತು, ಆದ್ರೂ ಬಿದ್ದೆ

ಮೂರನೇ ಸೆಮ್ ಮುಗಿದ ರಜೆಯಲ್ಲಿ ಅಮ್ಮನ ತವರು ಕುಂದಾಪುರಕ್ಕೆ ಹೋಗಿದ್ದೆ. ಗಂಗೊಳ್ಳಿ ಕಡೆಯ ಹಿನ್ನೀರಿನಲ್ಲಿ ಒಂದು ಬಾಡಿಗೆ ಕಯಾಕ್ ತಗೊಂಡು, ಮಾವನ ಗಾಳದ ರಾಡ್ ಹಿಡಿದು, ಯೂಟ್ಯೂಬಿನಲ್ಲಿ ಅಮೆರಿಕದವರು ಮಾಡೋ ಹಾಗೆ ಎದ್ದು ನಿಂತು ಮೀನು ಹಿಡಿಯೋಣ ಅಂತ ಪ್ಲಾನ್. ಸುಮ್ಮನೆ ಹೋಗಲಿಲ್ಲ. ಹಿಂದಿನ ರಾತ್ರಿ ಟೇಪ್ ಹಿಡಿದು ಕಯಾಕ್ ಅಳೆದು, ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದ ಸೂತ್ರದಲ್ಲಿ ಮೆಟಾಸೆಂಟ್ರಿಕ್ ಹೈಟ್ ಲೆಕ್ಕ ಹಾಕಿದ್ದೆ. 48 ಸೆಂಟಿಮೀಟರ್ ಬಂತು. ಪಾಸಿಟಿವ್! ಮಾವನಿಗೆ ತೋರಿಸಿ ಜಂಭ ಕೂಡ ಕೊಚ್ಚಿಕೊಂಡೆ.

ನಿಂತು ಎರಡನೇ ಸಲ ಗಾಳ ಬೀಸಿದಾಗ ನಾನು ನೀರಲ್ಲಿದ್ದೆ. ಎದೆ ಮಟ್ಟದ ನೀರು, ಮೈಮೇಲೆ ಲೈಫ್ ಜಾಕೆಟ್, ಹಾಗಾಗಿ ನನಗೇನೂ ಆಗಲಿಲ್ಲ. ರಾಡ್ ಮಾತ್ರ ಹೋಯ್ತು. ಸೂತ್ರ ಸರಿ, ಉತ್ತರ ಸರಿ, ಆದ್ರೂ ಯಾಕೆ ಬಿದ್ದೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು. ಈ ಲೇಖನ ಅದರ ಉತ್ತರ.

ಮೊದಲು, ನಿಲ್ಲೋದಾದ್ರೂ ಯಾಕೆ? ಕೂತೇ ಹಿಡಿಯಬಹುದಲ್ಲ? ಕಾರಣ ಕಣ್ಣು. ಕೂತಾಗ ಕಣ್ಣು ನೀರಿನಿಂದ ಸುಮಾರು 75 ಸೆಂ.ಮೀ. ಮೇಲೆ ಇರುತ್ತೆ, ನಿಂತಾಗ 165. ಆರು ಮೀಟರ್ ದೂರದ ಜಾಗ ನೋಡ್ತಿದ್ದೀರಿ ಅಂದ್ಕೊಳ್ಳಿ. ಕೂತಾಗ ನಿಮ್ಮ ದೃಷ್ಟಿ ಲಂಬಕ್ಕೆ 83 ಡಿಗ್ರಿಯಲ್ಲಿ ನೀರನ್ನು ಸವರಿಕೊಂಡು ಹೋಗುತ್ತೆ. ಪಿಯುಸಿಯ ಸ್ನೆಲ್ ನಿಯಮಕ್ಕೆ ಫ್ರೆನೆಲ್ ಸಮೀಕರಣ ಸೇರಿಸಿದರೆ, ಆ ಕೋನದಲ್ಲಿ ನೀರಿನ ಮೇಲ್ಮೈ ಆಕಾಶದ ಬೆಳಕಿನ ಸುಮಾರು 47% ಪ್ರತಿಫಲಿಸುತ್ತೆ. ಕಾಣೋದು ಬರೀ ಆಕಾಶ. ನಿಂತರೆ ಕೋನ 75ಕ್ಕೆ ಇಳಿಯುತ್ತೆ, ಪ್ರತಿಫಲನ ಸುಮಾರು 20%. ಅರ್ಧಕ್ಕಿಂತ ಕಡಿಮೆ! ಅದರ ಮೇಲೆ ಪೋಲರಾಯ್ಡ್ ಕನ್ನಡಕ ಹಾಕಿದರೆ ಮರಳಿನ ಮೇಲೆ ಓಡುವ ಕಾಣೆ ಮೀನಿನ ನೆರಳೂ ಕಾಣುತ್ತೆ. ಜೊತೆಗೆ ಗಾಳ ದೂರ ಬೀಸೋಕೂ ನಿಂತರೇ ಅನುಕೂಲ. ಅಂದ್ರೆ ನಿಲ್ಲೋದು ಬರೀ ಸ್ಟೈಲ್ ಅಲ್ಲ.

ಆದರೆ ಕಯಾಕ್ ಹುಟ್ಟಿದ್ದು ನಿಲ್ಲೋಕಲ್ಲ. ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆಯ ಇನ್ಯೂಟ್ ಮತ್ತು ಇತರ ಜನ ಮರ, ಮೂಳೆ, ಸೀಲ್ ಚರ್ಮದಲ್ಲಿ ಕಟ್ಟಿದ ಬೇಟೆಯ ದೋಣಿ ಅದು. ಕಿರಿದು, ವೇಗ, ಸದ್ದಿಲ್ಲ, ಕಾಲು ಮುಂದಕ್ಕೆ ಚಾಚಿ ತಳದಲ್ಲೇ ಕೂರಬೇಕು. ಮಗುಚಿದರೆ ಒಳಗೆ ಕೂತಂತೆಯೇ ಉರುಳಿ ಮೇಲೆ ಬರೋ ವಿದ್ಯೆ ಅವರಿಗೆ ಗೊತ್ತಿತ್ತು. ಈಗ ಮೀನು ಹಿಡಿಯೋಕೆ ಅಂತಲೇ ಮಾರೋ ಕಯಾಕ್‌ಗಳು ಬೇರೆಯೇ ಪ್ರಾಣಿ: ಮೇಲೆ ಕೂರೋ ಥರದ್ದು, ಪ್ಲಾಸ್ಟಿಕ್ಕಿನದು, 85ರಿಂದ 95 ಸೆಂ.ಮೀ. ಅಗಲ. ನನಗೆ ಸಿಕ್ಕಿದ್ದು 80.

ಈಗ ಪಾಠಕ್ಕೆ ಬರೋಣ. ತೇಲುವ ವಸ್ತುವಿಗೆ ಮೂರು ಬಿಂದು. ಜಿ ಅಂದ್ರೆ ಒಟ್ಟು ತೂಕದ ಕೇಂದ್ರ. ಬಿ ಅಂದ್ರೆ ಮುಳುಗಿದ ಭಾಗದ ಕೇಂದ್ರ, ನೀರು ಮೇಲಕ್ಕೆ ತಳ್ಳೋದು ಅಲ್ಲಿಂದ. ದೋಣಿ ವಾಲಿದಾಗ ಬಿ ಆ ಕಡೆಗೆ ಸರಿಯುತ್ತೆ, ಅಲ್ಲಿಂದ ನೇರ ಮೇಲಕ್ಕೆ ಎಳೆದ ಗೆರೆ ದೋಣಿಯ ನಡುಗೆರೆಯನ್ನು ಕತ್ತರಿಸೋ ಜಾಗ ಎಂ, ಅಂದರೆ ಮೆಟಾಸೆಂಟರ್. ಈ ಪದವನ್ನು ಕೊಟ್ಟವನು ಪಿಯರ್ ಬುಗೇರ್ ಅನ್ನೋ ಫ್ರೆಂಚ್ ವಿಜ್ಞಾನಿ, 1746ರ ತನ್ನ ಹಡಗುಗಳ ಪುಸ್ತಕದಲ್ಲಿ. ಎಂ ಮೇಲೆ, ಜಿ ಕೆಳಗೆ ಇದ್ದರೆ ದೋಣಿ ವಾಪಸ್ ನೆಟ್ಟಗಾಗುತ್ತೆ. ಉಲ್ಟಾ ಆದ್ರೆ ಮಗುಚುತ್ತೆ.

ಬಿಯಿಂದ ಎಂಗೆ ಇರೋ ದೂರ = ಐ ÷ ವಿ. ವಿ ಅಂದ್ರೆ ಮುಳುಗಿದ ಘನಗಾತ್ರ. ಐ ಅಂದ್ರೆ ನೀರಿನ ಮಟ್ಟದಲ್ಲಿ ದೋಣಿಯ ಆಕಾರದ ಸೆಕೆಂಡ್ ಮೊಮೆಂಟ್, ಆಯತಕ್ಕೆ ಉದ್ದ × ಅಗಲದ ಘನ ÷ 12. ಕಯಾಕ್‌ನ ಚೂಪು ತುದಿಗಳನ್ನು ಬಿಟ್ಟು ಅದನ್ನು 3 ಮೀಟರ್ ಉದ್ದದ ಡಬ್ಬ ಅಂದ್ಕೊಂಡೆ. ಕಯಾಕ್ 40 ಕೆಜಿ, ನಾನು 70, ಒಟ್ಟು 110. ಅಗಲ 80 ಸೆಂ.ಮೀ. ಆದ್ರೆ ಎಂ ತಳದಿಂದ 1.19 ಮೀಟರ್ ಮೇಲೆ. ನಿಂತಾಗ ನನ್ನ ಮೈಯ ಕೇಂದ್ರ ಹೊಕ್ಕುಳ ಹತ್ತಿರ, ತಳದಿಂದ ಸುಮಾರು 1.02 ಮೀ. ದೋಣಿಯ ತೂಕವನ್ನೂ ಸೇರಿಸಿದರೆ ಜಿ 0.70. ಕಳೆದರೆ ಹತ್ತಿರ ಹತ್ತಿರ 0.48. ಇದೇ ನಾನು ಜಂಭ ಕೊಚ್ಚಿದ ನಂಬರು.

ಇಷ್ಟೇ ತೂಕ ಇಟ್ಟು ಅಗಲ ಮಾತ್ರ 60 ಮಾಡಿ ನೋಡಿ. ಎಂ 0.52ಕ್ಕೆ ಇಳಿಯುತ್ತೆ. ಕೂತರೆ ಜಿ 0.37, ಪರವಾಗಿಲ್ಲ. ನಿಂತರೆ ಜಿಎಂ ಮೈನಸ್ 18 ಸೆಂ.ಮೀ. ಕಿರಿದಾದ ಕಯಾಕ್‌ನಲ್ಲಿ ಬರೀ ಅಭ್ಯಾಸದಿಂದ ನಿಲ್ತೀನಿ ಅನ್ನೋದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತೆ. ಅಗಲದ ಘನ ಅನ್ನೋದು ಎಂಥ ರಾಕ್ಷಸ ನೋಡಿ.

ಹಾಗಾದ್ರೆ 80ರಲ್ಲಿ ನಾನ್ಯಾಕೆ ಬಿದ್ದೆ? ನಮ್ಮ ಲ್ಯಾಬಿನ ಪ್ರಯೋಗ ನೆನಪಿಸಿಕೊಳ್ಳಿ. ಹಡಗಿನ ಮಾಡೆಲ್ ಮೇಲೆ ಸಣ್ಣ ತೂಕವನ್ನು ಪಕ್ಕಕ್ಕೆ ಸರಿಸಿ, ಎಷ್ಟು ಡಿಗ್ರಿ ವಾಲಿತು ಅಂತ ಬರ್ಕೊಂಡು ಜಿಎಂ ಕಂಡುಹಿಡೀತೀವಿ. ಗಾಳ ಬೀಸುವಾಗ ನಾನು ಮಾಡಿದ್ದೂ ಅದೇ, ಸರಿದ ತೂಕ ನಾನೇ. ಮೈ 15 ಸೆಂ.ಮೀ. ಪಕ್ಕಕ್ಕೆ ಹೋಯ್ತು ಅಂದ್ಕೊಳ್ಳಿ. ಲ್ಯಾಬಿನ ಸೂತ್ರ ಹಾಕಿದರೆ ವಾಲಬೇಕಾದ್ದು ಸುಮಾರು 11 ಡಿಗ್ರಿ. ಬೀಳಬಾರದು.

ತಪ್ಪು ಇರೋದು ಇಲ್ಲಿ. ಪುಸ್ತಕದಲ್ಲಿ ಆ ಡೆರಿವೇಶನ್ ಮೇಲೆ 'ಸಣ್ಣ ಕೋನಗಳಿಗೆ' ಅಂತ ಒಂದು ಸಾಲು ಇರುತ್ತೆ. ಪರೀಕ್ಷೆಗೆ ಬರೆಯುವಾಗ ನಾವ್ಯಾರೂ ಅದನ್ನ ಓದಲ್ಲ. ಎಷ್ಟು ಸಣ್ಣ? ನನ್ನ ಡಬ್ಬ ನೀರಿನಲ್ಲಿ ಮುಳುಗಿರೋದು ಬರೀ 4.6 ಸೆಂ.ಮೀ. ಆರೂವರೆ ಡಿಗ್ರಿ ವಾಲಿದ ತಕ್ಷಣ ಮೇಲೆದ್ದ ಬದಿಯ ತಳ ನೀರು ಬಿಟ್ಟು ಹೊರಗೆ ಬರುತ್ತೆ. ಅಲ್ಲಿಂದ ಮುಂದೆ ನೀರಿನ ಮಟ್ಟದ ಅಗಲ 80 ಅಲ್ಲ. 10 ಡಿಗ್ರಿಗೆ 65 ಆಗುತ್ತೆ, 20ಕ್ಕೆ 48 ಆಗುತ್ತೆ. ಘನ ಅಂತ ಆಗಲೇ ಖುಷಿಪಟ್ಟಿದ್ದೆವಲ್ಲ, ಅದೇ ಘನ ಈಗ ನಮ್ಮ ಮೇಲೆ ತಿರುಗಿ ಬೀಳುತ್ತೆ.

ಮನೆಗೆ ಬಂದು ಪೈಥಾನ್‌ನಲ್ಲಿ ಒಂದೊಂದು ಡಿಗ್ರಿಗೂ ಬಿ ಎಲ್ಲಿದೆ ಅಂತ ಹುಡುಕೋ ಸಣ್ಣ ಕೋಡ್ ಬರೆದೆ. ದೋಣಿಯನ್ನು ವಾಪಸ್ ಎಳೆಯೋ ಬಲದ ತೋಳು (ಇದಕ್ಕೆ ಜಿಜ಼ೆಡ್ ಅಂತಾರೆ) 9–10 ಡಿಗ್ರಿಯಲ್ಲಿ ಗರಿಷ್ಠ 6.7 ಸೆಂ.ಮೀ. ತಲುಪಿ ಇಳಿಯೋಕೆ ಶುರು, 22 ಡಿಗ್ರಿ ಹತ್ತಿರ ಸೊನ್ನೆ. 110 ಕೆಜಿಗೆ 6.7ನ್ನು ಗುಣಿಸಿ, ನನ್ನ 70 ಕೆಜಿಯಿಂದ ಭಾಗಿಸಿದರೆ ಸುಮಾರು 10 ಸೆಂ.ಮೀ. ನನಗೆ ಇದ್ದ ಲಿಮಿಟ್ ಅಷ್ಟೇ, ಒಂದು ಅಂಗೈ ಅಗಲಕ್ಕಿಂತ ಚೂರು ಜಾಸ್ತಿ. ಮೈ ಅದಕ್ಕಿಂತ ಆಚೆ ಹೋಗಿ ಅಲ್ಲೇ ಉಳಿದರೆ ದೋಣಿ ಯಾವ ಕೋನದಲ್ಲೂ ನಿಲ್ಲಲ್ಲ. ಕೂತಿದ್ದಿದ್ದರೆ ಅದೇ ಲಿಮಿಟ್ 21 ಸೆಂ.ಮೀ.

ಇದೇ ಕೋಡಿನಲ್ಲಿ ಅಗಲ 90 ಹಾಕಿದರೆ ನಿಂತವನ ಲಿಮಿಟ್ 10ರಿಂದ 18ಕ್ಕೆ ಹಾರುತ್ತೆ. ಮೀನು ಹಿಡಿಯೋ ಕಯಾಕ್‌ಗಳು ನೋಡೋಕೆ ಬಾಗಿಲು ತೇಲಿಬಿಟ್ಟ ಹಾಗೆ ಯಾಕಿವೆ ಅಂತ ಆಗ ಅರ್ಥ ಆಯ್ತು. ಕೆಲವು ಕಂಪನಿಗಳು ತಳದ ನಡುವೆ ಉದ್ದಕ್ಕೆ ಒಂದು ಕಾಲುವೆ ಬಿಟ್ಟು, ತೇಲಿಸೋ ಗಾತ್ರವನ್ನು ಎರಡೂ ಅಂಚಿಗೆ ತಳ್ತಾರೆ. ವಾಲಿದಾಗ ಬಿ ಬೇಗ ಅಂಚಿಗೆ ಹೋಗಲಿ ಅಂತ. ನಮ್ಮ ಕರಾವಳಿಯ ಕೆಲವು ಸಣ್ಣ ದೋಣಿಗಳಿಗೆ ಪಕ್ಕದಲ್ಲಿ ಮರದ ತೇಲುತೊಲೆ ಕಟ್ಟೋದೂ ಅದೇ ಲೆಕ್ಕ. ಇನ್ನೊಂದು ಅಗ್ಗದ ದಾರಿ ತಳದಲ್ಲಿ ತೂಕ. 30 ಕೆಜಿ ನೀರಿನ ಕ್ಯಾನ್‌ಗಳನ್ನು ಮಲಗಿಸಿ ಕಟ್ಟಿದರೆ ನನ್ನ 10, 12–13 ಆಗುತ್ತೆ. ಕಟ್ಟಲೇಬೇಕು. ಉರುಳಿದರೆ ಅವೂ ನಿಮ್ಮ ಜೊತೆ ಅದೇ ಬದಿಗೆ ಬರ್ತವೆ.

ಇಷ್ಟೆಲ್ಲ ಗ್ರಾಫ್ ಸಮೇತ ಮಾವನಿಗೆ ವಿವರಿಸಿದೆ. ರಾಡ್ ಹೋಗಿದ್ದಕ್ಕೆ ಬೈಯಲಿಲ್ಲ ಪುಣ್ಯಾತ್ಮ. ಎಲ್ಲ ಕೇಳಿ, "ಕಾಲ್ ಕಂಬ ಮಾಡ್ಕಂಡ್ ನಿಂತ್ರೆ ಬೀಳ್ದೆ ಎಂತ ಆತ್ತ್ ಮಾರಾಯ?" ಅಂದ್ರು. ಅವರು ನನ್ನ ಕಯಾಕ್‌ಗಿಂತ ಕಿರಿದಾದ ಪಾತಿ ದೋಣಿಯಲ್ಲಿ ನಿಂತು ಬೀಸುಬಲೆ ಎಸೀತಾರೆ. ನನ್ನ ಕೋಡ್ ಪ್ರಕಾರ ಅವರು ದಿನಾ ಬೀಳಬೇಕು.

ಅವರು ಹೇಳಿದ ಕಂಬ ಅನ್ನೋ ಪದದಲ್ಲೇ ನನ್ನ ಎರಡನೇ ತಪ್ಪಿತ್ತು. ಮೈ ಅನ್ನೋದು ದೋಣಿಗೆ ವೆಲ್ಡ್ ಮಾಡಿದ ಕಂಬ ಅಂತ ನಾನು ಲೆಕ್ಕ ಹಾಕಿದ್ದೆ. ದೋಣಿ 6 ಡಿಗ್ರಿ ವಾಲಿದರೆ ಕಂಬದ ಕೇಂದ್ರ 10 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಪಕ್ಕಕ್ಕೆ ಹೋಗುತ್ತೆ. ಆದರೆ ಪಾದ, ಮೊಣಕಾಲು, ಸೊಂಟ ಸಡಿಲ ಬಿಟ್ಟವನ ದೋಣಿ ಕಾಲ ಕೆಳಗೆ ವಾಲುತ್ತೆ, ಮೈ ನೆಟ್ಟಗೇ ಇರುತ್ತೆ. ಆಗ ಅವನ ತೂಕ ದೋಣಿಯ ಮೇಲೆ ಬೀಳೋದು ಹೊಕ್ಕುಳ ಎತ್ತರದಲ್ಲಲ್ಲ, ಪಾದದ ಹತ್ತಿರ. ಹಡಗಿನ ಕ್ರೇನ್‌ನಲ್ಲಿ ನೇತಾಡೋ ಸರಕಿನ ತೂಕವನ್ನು ಕೊಕ್ಕೆಯ ಎತ್ತರದಲ್ಲಿ ಲೆಕ್ಕ ಹಿಡೀತಾರಲ್ಲ, ಅದರ ತಲೆಕೆಳಗಾದ ರೂಪ ಇದು. ಲೆಕ್ಕಕ್ಕೆ ಮಾವನ ಜಿ 0.70 ಅಲ್ಲ, 0.10 ಹತ್ತಿರ. ಕಿರಿದಾದ ದೋಣಿಯಲ್ಲೂ ಅದು ಎಂಗಿಂತ ಕೆಳಗೇ ಉಳಿಯುತ್ತೆ. ಪುಕ್ಕಟೆ ಅಲ್ಲ, ಪ್ರತಿ ಕ್ಷಣ ಸ್ನಾಯು ಕೆಲಸ ಮಾಡಬೇಕು. ನಾನು ಹೆದರಿ ಕಾಲು ಬಿಗಿ ಹಿಡಿದಿದ್ದೆ. ಹೆದರಿಕೆಯೇ ಜಿಯನ್ನು 60 ಸೆಂ.ಮೀ. ಮೇಲೆತ್ತಿತ್ತು.

ಮರುದಿನದಿಂದ ಮಾವ ಕಲಿಸಿದ್ದು ಹೀಗೆ. ಒಮ್ಮೆಲೇ ಏಳಬಾರದು. ಮೊದಲು ಮಂಡಿಯೂರಿ, ಆಮೇಲೆ ಒಂದು ಪಾದ, ಆಮೇಲೆ ಇನ್ನೊಂದು, ಕೈ ಎರಡೂ ಅಂಚಿನ ಮೇಲೆ. ಪಾದಗಳು ನಡುಗೆರೆಯಿಂದ ಎರಡೂ ಕಡೆ ಸಮ ದೂರ, ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಕಾಲು ನೋಡ್ಕೋಬೇಡ, ದಡ ನೋಡು. ನಿಂತ ಮೇಲೆ ಗಾಳ ಹಾಕದೆ, ಬೇಕಂತಲೇ ಸೊಂಟದಿಂದ ಕೆಳಗೆ ಮಾತ್ರ ದೋಣಿಯನ್ನು ಎಡ ಬಲ ಅಲುಗಾಡಿಸು. ಅರ್ಧ ಗಂಟೆ ಬರೀ ಇದನ್ನೇ ಮಾಡಿಸಿದರು. ಸೊಂಟದ ಮಟ್ಟದ ನೀರಿನಲ್ಲಿ ಬೇಕಂತಲೇ ಬಿದ್ದು, ಕಯಾಕ್ ತಿರುಗಿಸಿ, ಹತ್ತಿ ಬರೋದನ್ನೂ ಐದಾರು ಸಲ ಮಾಡಿಸಿದರು. ಬೀಳುವಾಗ ತಲೆ ಮುಂದೆ ಮಾಡಬಾರದು, ತಳ ಎಷ್ಟು ಹತ್ತಿರ ಇದೆ ಅಂತ ಗೊತ್ತಿರಲ್ಲ. ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಇಲ್ಲ. ಒಬ್ಬರೇ ಹೋಗೋದೂ ಬೇಡ.

ಗಾಳ ಬೀಸೋದು ಮೂತಿಯ ದಿಕ್ಕಿಗೆ, ಪಕ್ಕಕ್ಕಲ್ಲ. ಉದ್ದಕ್ಕೆ ವಾಲಿಸೋದು ಕಷ್ಟ, ಅಲ್ಲಿ ಘನ ಆಗೋದು 3 ಮೀಟರ್ ಉದ್ದ. ಮೀನು ಕಚ್ಚಿದ ಮೇಲಂತೂ ಇನ್ನೂ ಹುಷಾರು. ಕೆಂಬೇರಿಯೊಂದು 3 ಕೆಜಿ ಬಲದಲ್ಲಿ ಪಕ್ಕಕ್ಕೆ ಎಳೀತು, ರಾಡ್ ಹಿಡಿದ ಕೈ 1.3 ಮೀಟರ್ ಎತ್ತರದಲ್ಲಿದೆ ಅಂದ್ರೆ 3.9 ಕೆಜಿ-ಮೀಟರ್. ಕಂಬದಂತೆ ನಿಂತ ನನ್ನ ದೋಣಿ ತಡೆಯೋದೇ ಒಟ್ಟು 7.4. ಅರ್ಧಕ್ಕಿಂತ ಹೆಚ್ಚು ಮೀನೇ ತಿಂದುಬಿಡ್ತು. ಹಾಗಾಗಿ ನಿಂತು ಹುಡುಕು, ನಿಂತು ಬೀಸು, ಕಚ್ಚಿದ ತಕ್ಷಣ ಕೂತುಬಿಡು ಅಂತ ಮಾವನ ಆರ್ಡರ್.

ರಜೆಯ ಕೊನೆಯ ದಿನ ಅದೇ 80 ಸೆಂ.ಮೀ. ಕಯಾಕ್‌ನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಕಾಣೆ ಮೀನುಗಳು ಸಾಲಾಗಿ ಓಡೋದು ಕಾಣ್ತು, ಒಂದೂ ಸಿಗಲಿಲ್ಲ. ಕೋಡ್ ಬೇಕಾದವರು ಕ್ಲಬ್ ಗ್ರೂಪಿನಲ್ಲಿ ಕೇಳಿ, ಕಳಿಸ್ತೀನಿ. ನಿಮ್ಮ ತೂಕ, ಎತ್ತರ ಹಾಕಿ ನೋಡಿ. ಬಾಸ್ಕೆಟ್‌ಬಾಲ್ ಟೀಮಿನವರು ಮೊದಲು 90 ಅಗಲದ್ದು ಹುಡುಕೋದು ಒಳ್ಳೇದು. ಮಾವನ ರಾಡ್ ಇನ್ನೂ ಗಂಗೊಳ್ಳಿ ಕಡೆಯ ಕೆಸರಲ್ಲೇ ಇದೆ, ಹೊಸದಕ್ಕೆ ಮೆಸ್ ರಿಫಂಡ್ ದುಡ್ಡು ಎತ್ತಿಟ್ಟಿದ್ದೀನಿ.