ಗಡಿನಾಡಿನ ನಗೆ

ಹುಟ್ಟಿ ಬೆಳೆದ ಊರನ್ನು ಬಿಟ್ಟು, ಬೇರೆ ನುಡಿ ಬೇರೆ ನಡೆಯ ಜನರ ನಡುವೆ ಬಾಳಲು ಹೋದವನು ಮೊದಲ ಕೆಲವು ದಿನ ಆ ಊರಿನವರಿಗೆ ವಿನೋದದ ವಸ್ತುವಾಗುವುದು ಸಹಜ. ಅವನ ಉಡುಪು ಬೇರೆ, ಉಚ್ಚಾರಣೆ ಬೇರೆ. ಊಟಕ್ಕೆ ಕುಳಿತರೆ ತುತ್ತು ಎತ್ತುವ ರೀತಿಯೂ ಬೇರೆ. ಹಾಸ್ಯರಸವು ವಿಕೃತವಾದ ವೇಷ, ಅಲಂಕಾರ, ಮಾತು ಮೊದಲಾದವುಗಳಿಂದ ಹುಟ್ಟುತ್ತದೆ ಎಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಇಲ್ಲಿ ವಿಕೃತವೆಂದರೆ ಕೆಟ್ಟದ್ದು ಎಂದು ತಿಳಿಯಬೇಕಾಗಿಲ್ಲ. ನೋಡುವವರಿಗೆ ರೂಢಿಯಾದುದಕ್ಕಿಂತ ಬೇರೆಯಾದದ್ದು ಎಂದರೆ ಸಾಕು. ಆ ಅರ್ಥದಲ್ಲಿ ಹೊಸಬನೊಬ್ಬನು ಊರಿಗೆ ಬಂದನೆಂದರೆ ಹಾಸ್ಯದ ಸಾಮಗ್ರಿಯೆಲ್ಲ ಒಟ್ಟಿಗೆ ಬಂದಂತೆಯೇ. ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ತಾನೇ ನಗುವುದು ಆತ್ಮಸ್ಥ. ಇತರರನ್ನು ನಗಿಸುವುದು ಪರಸ್ಥ. ಹೊಸಬನು ತನಗೆ ತಿಳಿಯದಂತೆಯೇ ಇತರರನ್ನು ನಗಿಸುತ್ತಾನೆ. ಆ ನಗುವಿನಲ್ಲಿ ತಾನೂ ಸೇರುವನೋ, ಮೂಲೆಯನ್ನು ಸೇರುವನೋ ಎಂಬುದರ ಮೇಲೆ ಆ ಊರಿನಲ್ಲಿ ಅವನ ಮುಂದಿನ ಬಾಳು ನಿಂತಿರುತ್ತದೆ.

ಈ ಮಾತನ್ನು ಪರೀಕ್ಷಿಸಿ ನೋಡಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಗಿಂತ ತಕ್ಕ ಸ್ಥಳಗಳು ಕಡಿಮೆ. ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು ಆಂಧ್ರಪ್ರದೇಶದ ಹಿಂದೂಪುರದ ಕಡೆಗೆ ಹರಿಯುತ್ತದೆ. ಅಲ್ಲಿಂದ ಮುಂದೆ ಜನರು ಅದನ್ನು ಪೆನ್ನಾ ಎಂದು ಕರೆಯುತ್ತಾರೆ. ಚಿಂತಾಮಣಿಯಿಂದ ಮೂಡಣಕ್ಕೆ ಹೊರಟ ರಸ್ತೆಯು ಮದನಪಲ್ಲಿಯನ್ನು ಮುಟ್ಟುತ್ತದೆ. ನದಿಯಂತೆ, ರಸ್ತೆಯಂತೆ ಹೆಣ್ಣು ಗಂಡಿನ ಸಂಬಂಧಗಳೂ ಗಡಿಯನ್ನು ದಾಟಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರೇಷ್ಮೆ ನೂಲು ಬಿಚ್ಚುವ ಕೇರಿಗಳಲ್ಲಿ ದಖನಿ ಉರ್ದು—ಒಂದೇ ದಿನದಲ್ಲಿ ಮೂರು ನುಡಿಗಳನ್ನು ಆಡಿ ಮಲಗುವವರು ಇಲ್ಲಿ ಅಪರೂಪವಲ್ಲ.

ಮೈಸೂರು ಕಡೆಯಿಂದ ವರ್ಗವಾಗಿ ಚಿಂತಾಮಣಿಗೆ ಬಂದ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನಿಗೆ ತೆಲುಗಿನ ಗಂಧವೇ ಇಲ್ಲ. ಬಾಡಿಗೆಮನೆಯ ನೆರೆಯ ಹಿರಿಯರೊಬ್ಬರು ಜಗಲಿಯಲ್ಲಿ ಕೂರಿಸಿ ಆದರದಿಂದ, “ಮೀ ಇಲ್ಲು ಎಕ್ಕಡ ಸಾಮಿ?” ಎಂದು ಕೇಳುತ್ತಾರೆ. ನಿಮ್ಮ ಮನೆ ಎಲ್ಲಿ ಎಂಬುದಷ್ಟೆ ಅವರ ಪ್ರಶ್ನೆ. ಆದರೆ ‘ಇಲ್ಲು’ ಎಂಬುದು ಗುಮಾಸ್ತನ ಕಿವಿಗೆ ‘ಇಲ್ಲ’ ಎಂದು ಬಿದ್ದಿತು. ‘ಎಕ್ಕಡ’ವಂತೂ ಅವನ ಕನ್ನಡದಲ್ಲಿ ಕಾಲಿಗೆ ಮೆಟ್ಟುವ ವಸ್ತು. ಅವನು ತಡಬಡಿಸಿ, “ಇಲ್ಲದೆ ಏನು ಸ್ವಾಮಿ, ಬಾಗಿಲಲ್ಲೇ ಬಿಟ್ಟು ಬಂದಿದ್ದೇನೆ” ಎಂದನು. ಹಿರಿಯರಿಗೆ ಏನೂ ತಿಳಿಯದೆ, ಬಿಡಿಸಿ ಹೇಳಲೆಂದು “ಚೆಪ್ಪಂಡಿ, ಚೆಪ್ಪಂಡಿ” ಎನ್ನುತ್ತಾರೆ. ತೆಲುಗಿನಲ್ಲಿ ‘ಚೆಪ್ಪು’ ಎಂದರೆ ಹೇಳು ಎಂದೂ ಆಗುತ್ತದೆ, ಚಪ್ಪಲಿ ಎಂದೂ ಆಗುತ್ತದೆ. ಈ ಊರಿನವರು ಪಾದರಕ್ಷೆಯ ವಿಷಯವನ್ನು ಏಕೆ ಬಿಡಲೊಲ್ಲರೆಂದು ಗುಮಾಸ್ತನು ಚಿಂತಿಸತೊಡಗಿದರೆ ಆಶ್ಚರ್ಯವೇನು? ಒಳಗಿನಿಂದ ಎರಡೂ ನುಡಿ ಬಲ್ಲ ಹುಡುಗಿಯೊಬ್ಬಳು ಬಂದು ಗಂಟನ್ನು ಬಿಡಿಸಿದಾಗ ಮೊದಲು ನಕ್ಕವರು ಯಾರೆಂಬುದು ಮುಖ್ಯ. ಗುಮಾಸ್ತನು ನಕ್ಕನಾದರೆ ಅಂದಿನಿಂದ ಆ ಜಗಲಿ ಅವನದೂ ಆಗುತ್ತದೆ.

ಶಿಡ್ಲಘಟ್ಟದ ಕೇರಿಗಳಲ್ಲಿ ಇಂಥದೇ ಇನ್ನೊಂದು ಸೊಗಸು ಇದೆ. ದಖನಿಯಲ್ಲಿ ‘ನಕ್ಕೋ’ ಎಂದರೆ ಬೇಡ. ಮರಾಠಿಯ ‘ನಕೋ’ ಎಂಬುದು ಇದರ ಮೂಲ. ಕನ್ನಡದ ಆಡುಮಾತಿನಲ್ಲಾದರೋ ‘ನಕ್ಕೋ’ ಎಂದರೆ ನಗು, ಬೇಕಾದಷ್ಟು ನಕ್ಕುಕೋ ಎಂದರ್ಥ. ಒಬ್ಬರು ಬೇಡವೆಂದು ಕೈಯಾಡಿಸಿದರೆ ಕೇಳಿದವರಿಗೆ ನಗಲು ಅಪ್ಪಣೆ ದೊರೆತಂತಾಗುತ್ತದೆ!

ಮಾತಿನ ಜೊತೆಗೆ ಕಸುಬೂ ಹೊಸಬರನ್ನು ಪರೀಕ್ಷಿಸುತ್ತದೆ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟ, ಮನೆಯೊಳಗೆ ಹುಳು ಸಾಕಣೆ. ಹುಳುವಿನ ಮನೆಯ ಪರಿಚಯವಿಲ್ಲದ ಸೊಸೆಯೊಬ್ಬಳು ಗಡಿಯಾಚೆಯಿಂದ ಇಂಥ ಮನೆಗೆ ಬರುತ್ತಾಳೆ. “ಹುಳು ಮೂರನೆಯ ಜ್ವರಕ್ಕೆ ಕೂತಿವೆ, ಸೊಪ್ಪು ಹಾಕಬೇಡಮ್ಮ” ಎಂದು ಅತ್ತೆ ಹೇಳಿದರೆ ಅವಳ ಎದೆ ಧಸಕ್ಕೆನ್ನುತ್ತದೆ. ಜ್ವರ ಬಂದ ಪ್ರಾಣಿಗಳನ್ನು ಉಪವಾಸ ಕೆಡಹುವುದೇ! ಔಷಧವೇನೂ ಇಲ್ಲವೇ ಎಂದು ಅವಳು ಕೇಳುತ್ತಾಳೆ. ರೇಷ್ಮೆಹುಳುವು ಬೆಳೆಯುವ ಕಾಲದಲ್ಲಿ ನಾಲ್ಕು ಬಾರಿ ಹಳೆಯ ಚರ್ಮವನ್ನು ಕಳಚುತ್ತದೆ. ಪ್ರತಿ ಸಲವೂ ಕಳಚುವ ಮೊದಲು ತಿನ್ನುವುದನ್ನು ಬಿಟ್ಟು ತಲೆಯನ್ನು ಮೇಲಕ್ಕೆತ್ತಿ ಅಲುಗಾಡದೆ ಇರುತ್ತದೆ. ಆ ನಿಶ್ಚಲ ಸ್ಥಿತಿಗೇ ರೈತರು ಜ್ವರವೆನ್ನುತ್ತಾರೆ. ನಾಲ್ಕು ಜ್ವರಗಳನ್ನೂ ಕಳೆದ ಹುಳು ಐದನೆಯ ಹಂತದಲ್ಲಿ ಹೊಟ್ಟೆಬಾಕನಂತೆ ತಿಂದು, ಕೊನೆಗೆ ‘ಹಣ್ಣಾಗುತ್ತದೆ’. ಹಣ್ಣಾದ ಹುಳುವೆಂದರೆ ಗೂಡು ಕಟ್ಟಲು ಸಿದ್ಧವಾದ, ಮೈ ತಿಳಿಯಾಗಿ ಹೊಳೆಯುವ ಹುಳು. ಅದನ್ನು ಆಯ್ದು ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಾರೆ. ಜ್ವರದ ಹುಳುವಿಗೆ ಮರುಗಿದ ಸೊಸೆಯು ಹಣ್ಣಿನ ಹುಳುವೆಂದರೆ ಹಣ್ಣಿನೊಳಗಿನ ಹುಳುವೆಂದು ತಿಳಿದರೆ ಅತ್ತೆಯು ಇನ್ನೊಮ್ಮೆ ನಗುತ್ತಾಳೆ.

ಅತ್ತೆಯ ಸರದಿ ಬರದೆ ಇರುವುದಿಲ್ಲ. ಅವಳದು ಕನ್ನಡ ಮನೆಮಾತು. ಹಬ್ಬಕ್ಕೆ ಬೀಗರ ಊರಿಗೆ ಹೋದಾಗ ಬೀಗಿತ್ತಿಯು ಒಳಗಿನಿಂದ, “ಪಾಲು ಕಾವಾಲಾ ವದಿನ?” ಎಂದು ಕೇಳಿದಳೆನ್ನಿ. ಹಾಲು ಬೇಕೇ ಎಂಬ ಉಪಚಾರವದು. ಅತ್ತೆಯು ಗಾಬರಿಯಾಗಿ, “ಅಯ್ಯೋ ಶಿವನೇ, ನಾವು ಪಾಲು ಕೇಳಲು ಬಂದವರಲ್ಲಮ್ಮ!” ಎನ್ನುತ್ತಾಳೆ. ಈಗ ನಗುವವಳು ಸೊಸೆ.

ಊಟದ ಎಲೆಯ ಮುಂದೆಯೂ ಇದೇ ಕಥೆ. ಜೋಳದ ರೊಟ್ಟಿಯ ಸೀಮೆಯಿಂದ, ಅಂದರೆ ನಮ್ಮದೇ ಕನ್ನಡನಾಡಿನ ಉತ್ತರಭಾಗದಿಂದ ಇಲ್ಲಿಗೆ ಬರುವ ಉಪಾಧ್ಯಾಯರಿಗೆ ನುಡಿ ಹೊಸದಲ್ಲ, ರಾಗಿಮುದ್ದೆ ಹೊಸದು. ರೊಟ್ಟಿಯಂತೆ ಅದನ್ನು ಅಗಿಯಲು ಹೊರಟರೆ ಹಲ್ಲಿಗೆ ಅಂಟಿಕೊಂಡು ಮಾತೇ ನಿಂತುಹೋಗುತ್ತದೆ. ಮುರಿದ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಬೇಕು, ಅಗಿಯಬಾರದು. ಎದುರಿಗೆ ಕುಳಿತ ಮನೆಯ ಮಗು ಮುದ್ದೆ ನುಂಗುವುದನ್ನು ಗುರುಗಳಿಗೆ ಕಲಿಸುವ ಆ ಗಳಿಗೆಯಲ್ಲಿ ಗುರು ಯಾರು, ಶಿಷ್ಯರು ಯಾರು?

ಈ ಪ್ರಸಂಗಗಳಲ್ಲಿ ಯಾವುದರಲ್ಲಿಯೂ ನಗೆಯು ಗಾಯಮಾಡುವುದಿಲ್ಲ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಗಡಿನಾಡಿನಲ್ಲಿ ಎಲ್ಲರೂ ಒಂದಲ್ಲ ಒಂದು ಜಗಲಿಯಲ್ಲಿ ಹೊಸಬರು. ಇಂದು ನಕ್ಕವನು ನಾಳೆ ನಗೆಗೀಡಾಗುತ್ತಾನೆಂಬುದು ಇಬ್ಬರಿಗೂ ಗೊತ್ತು. ಚಿಂತಾಮಣಿಯ ಸಮೀಪದ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣರು, ಜನರ ಬಾಯಲ್ಲಿ ಕೈವಾರ ತಾತಯ್ಯನವರು, ಬಳೆ ಮಾರುವ ಕುಲಕಸುಬಿನವರಾಗಿದ್ದರು. ಕನ್ನಡ, ತೆಲುಗು ಎರಡರಲ್ಲಿಯೂ ಅವರು ಹಾಡುಗಳನ್ನು ರಚಿಸಿದ್ದಾರೆ. ಮನೆಮನೆಯ ಅಂಗಳದಲ್ಲಿ ಮಲಾರವಿಳಿಸಿ ಹೆಂಗಸರ ಕೈಗೆ ಬಳೆ ತೊಡಿಸುವ ವ್ಯಾಪಾರಿಗೆ ಆ ಮನೆಯ ನುಡಿ ಬಾರದಿದ್ದರೆ ನಡೆಯುವುದೇ? ಅದೇ ಕೈವಾರವನ್ನು ಜನರು ಮಹಾಭಾರತದ ಏಕಚಕ್ರಪುರವೆಂದು ನಂಬುತ್ತಾರೆ. ಬ್ರಾಹ್ಮಣವೇಷದಿಂದ ಪರಸ್ಥಳದಲ್ಲಿ ತಲೆಮರೆಸಿಕೊಂಡಿದ್ದ ಭೀಮನು ಬಕಾಸುರನಿಗೆಂದು ಕಳುಹಿಸಿದ ಬಂಡಿಯ ಅನ್ನವನ್ನು ತಾನೇ ಉಣ್ಣುತ್ತ ಕುಳಿತದ್ದು, ಬೆನ್ನಿಗೆ ರಾಕ್ಷಸನು ಗುದ್ದುತ್ತಿದ್ದರೂ ತುತ್ತು ನಿಲ್ಲಿಸದೆ ಇದ್ದದ್ದು ಇಲ್ಲಿಯೇ ಎಂದು ಹೇಳುತ್ತಾರೆ. ಅಜ್ಞಾತವಾಗಿ ಬಾಳುವ ಕಷ್ಟದ ನಡುವೆಯೂ ಕೇಳುವವರನ್ನು ನಗಿಸುವ ಕಥೆಯಿದು.

ನಗೆಯು ಒಂದೇ ದಿಕ್ಕಿಗೆ ಹರಿಯುವ ಸ್ಥಳದಲ್ಲಿ ಮಾತು ಬೇರೆ. ನೂರು ಜನರ ನಡುವೆ ಒಬ್ಬನೇ ಹೊಸಬನಾದಾಗ, ಅವನಿಗೆ ತಿರುಗಿ ನಗುವ ಅವಕಾಶವೇ ಇಲ್ಲದಾಗ, ಅದೇ ನಗೆ ಮುಳ್ಳಾಗುತ್ತದೆ. ಈ ಸೀಮೆಯಿಂದ ಹೊರಗೆ ಹೋದವರು ಅದನ್ನು ಎದುರಿಸಬೇಕಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡತನದಿಂದಾಗಿ ಓದಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನವನ್ನು ಅಭ್ಯಾಸಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದರು. ಹಳ್ಳಿಯಿಂದ ನಗರಕ್ಕೆ, ನಗರದಿಂದ ಕಡಲಾಚೆಗೆ ಎರಡೆರಡು ಬಾರಿ ಹೊಸಬರಾದ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗಲೂ ಖಾದಿಯ ಪಂಚೆ, ಜುಬ್ಬ, ಗಾಂಧಿ ಟೋಪಿಗಳನ್ನು ಬಿಡಲಿಲ್ಲ. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನೇ ಮನೆ ಮಾಡಿಕೊಂಡು, ತಮ್ಮಂತೆ ಊರು ಬಿಟ್ಟು ಬಂದ ಹುಡುಗರ ನಡುವೆ ಬಾಳಿದರು. ಅವರ ಮಾತಿನ ವಿನೋದವನ್ನು ಆ ಹುಡುಗರು ಚೆನ್ನಾಗಿ ಬಲ್ಲರು.

ಪರಸ್ಥಳದ ಬಾಳಿನಿಂದ ನಗೆಯ ಪುಸ್ತಕವನ್ನೇ ಬರೆದವರೂ ಕನ್ನಡದಲ್ಲಿ ಇದ್ದಾರೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದರು. ಆ ಅನುಭವವೇ ‘ತಮಿಳು ತಲೆಗಳ ನಡುವೆ’ ಎಂಬ ಪುಸ್ತಕವಾಯಿತು. ಅವರ ನಗೆಯಲ್ಲಿ ಖಾರ ಹೆಚ್ಚೆಂದು ಕೆಲವರಿಗೆ ಅನ್ನಿಸೀತು. ಅದು ಸುಳ್ಳೂ ಅಲ್ಲ. ಆದರೆ ತಮಿಳನ್ನು ಕಲಿತು, ಅದರ ಹಳೆಯ ಸಾಹಿತ್ಯವನ್ನೂ ಶಾಸನಗಳನ್ನೂ ಶ್ರಮವಹಿಸಿ ಓದಿದ ಮೇಲೆಯೇ ಅವರು ನಕ್ಕರೆಂಬುದನ್ನು ಮರೆಯುವಂತಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅಮೆರಿಕವನ್ನು ಕಂಡು ಬರೆದ ‘ಅಮೆರಿಕದಲ್ಲಿ ಗೊರೂರು’ ಎಂಬ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೊಸ ನಾಡನ್ನು ಹೇಮಾವತಿಯ ದಡದ ಹಳ್ಳಿಗನ ಕಣ್ಣಿನಿಂದ ನೋಡಲು ಅವರು ಸಂಕೋಚಪಡಲಿಲ್ಲ.

ಇವರೆಲ್ಲ ಬಲ್ಲಿದರು, ಲೇಖನಿಯನ್ನು ಹಿಡಿದು ತಿರುಗಿ ನಗಬಲ್ಲವರು. ಲೇಖನಿಯನ್ನು ಹಿಡಿಯಲು ಈಗತಾನೆ ಕಲಿಯುತ್ತಿರುವ ಮಗುವಿನ ಪಾಡೇನು? ತೆಲುಗು ಮನೆಮಾತಿನ ಹುಡುಗನೊಬ್ಬನು ದೂರದ ಪಟ್ಟಣದ ಕನ್ನಡ ಶಾಲೆಗೆ ಸೇರುತ್ತಾನೆ. ತೆಲುಗಿನಲ್ಲಿ ‘ಅನ್ನ’ ಎಂದರೆ ಅಣ್ಣ. ಆ ಅಭ್ಯಾಸದಿಂದ ಅವನು ಪ್ರಬಂಧದಲ್ಲಿ, “ನಮ್ಮ ಅನ್ನ ನಿನ್ನೆ ಊರಿಗೆ ಹೋದನು” ಎಂದು ಬರೆಯುತ್ತಾನೆ. ಅನ್ನಕ್ಕೆ ಕಾಲು ಬಂದಿತೆಂದು ತರಗತಿಯೆಲ್ಲ ನಗುತ್ತದೆ. ಮರುದಿನ ಅವನು ಹಾಲಿಗೆ ‘ಪಾಲು’ ಎನ್ನುತ್ತಾನೆ, ಮತ್ತೆ ನಗೆ. ಮೂರನೆಯ ದಿನ ಅವನು ಬಾಯಿ ತೆರೆಯುವುದಿಲ್ಲ. ಹೀಗೆ ಮೌನವಾದ ಮಕ್ಕಳು ಎಷ್ಟೋ ವೇಳೆ ದಡ್ಡರೆಂಬ ಹೆಸರನ್ನು ಹೊತ್ತು ಹಿಂದಿನ ಸಾಲಿಗೆ ಹೋಗುತ್ತಾರೆ.

ಇಂಥ ತರಗತಿಯಲ್ಲಿ ಬಲ್ಲ ಉಪಾಧ್ಯಾಯರು ನಗಬೇಡಿರೆಂದು ಗದರಿಸುವ ಬದಲು ಹಳಗನ್ನಡವನ್ನು ಕರೆತರುತ್ತಾರೆ. ಪಂಪನು 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಕಾಲದ ಕನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು. ಹುಲಿ ‘ಪುಲಿ’, ಹಂದಿ ‘ಪಂದಿ’, ಹೊಗೆ ‘ಪೊಗೆ’. ಮುಂದಿನ ಶತಮಾನಗಳಲ್ಲಿ ಪದದ ಮೊದಲ ಪಕಾರವು ಕನ್ನಡದಲ್ಲಿ ಹಕಾರವಾಯಿತು. ತೆಲುಗು ಹಳೆಯ ಪಕಾರವನ್ನು ಉಳಿಸಿಕೊಂಡಿತು. ಹಾಗಾದರೆ ನಿನ್ನೆ ‘ಪಾಲು’ ಎಂದ ಹುಡುಗನ ಮಾತು ನಕ್ಕವರ ಮಾತಿಗಿಂತ ಪಂಪನ ಮಾತಿಗೆ ಹತ್ತಿರವಾದದ್ದು! ತರಗತಿಯು ಹಿಂದಿನ ಸಾಲಿನ ಕಡೆ ತಿರುಗಿ ನೋಡುತ್ತದೆ. ಇನ್ನೂ ಇಂಥ ಮಾತುಗಳನ್ನು ಹೇಳೆಂದು ಅವನನ್ನು ಕೇಳುತ್ತದೆ. ಹುಡುಗನು ಮೆಲ್ಲನೆ ಎದ್ದು ನಿಲ್ಲುತ್ತಾನೆ. ಅವನು ‘ಪುಲಿ’ ಎಂದರೆ ಉಳಿದವರು ಹುಲಿ ಎನ್ನುತ್ತಾರೆ. ‘ಪಾಮು’ ಎಂದರೆ ಹಾವು. ‘ಪೊಲಂ’ ಎಂದರೆ ಹೊಲ. ಆಟಕ್ಕೆ ವೇಗ ಬರುತ್ತದೆ. ಆಗ ಹುಡುಗನು ಬೆಕ್ಕಿಗೆ ತೆಲುಗಿನಲ್ಲಿರುವ ‘ಪಿಲ್ಲಿ’ ಎಂಬ ಮಾತನ್ನು ಹೇಳುತ್ತಾನೆ. ಸೂತ್ರವನ್ನು ಕಲಿತ ಉತ್ಸಾಹದಲ್ಲಿ ತರಗತಿಯೆಲ್ಲ ಒಕ್ಕೊರಲಿನಿಂದ “ಹಿಲ್ಲಿ!” ಎಂದು ಕೂಗುತ್ತದೆ. ಮೊದಲು ನಕ್ಕವನು ಅವನೇ.